ಚೂರಿ ಯಾವಾಗ ಸೊಂಟಕ್ಕೆ ಬಂತು? ಹದಿಹರೆಯದ ಹಿಂಸೆಗೆ ಸಿದ್ಧಾಂತ ಹಚ್ಚುವ ಕ್ರಮ

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ, ಕಾನೂನು ಓದುವವರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಒಂದು ಪ್ರಕರಣ ಕೊಟ್ಟು, ಅಪರಾಧಶಾಸ್ತ್ರದ ಬೇರೆ ಬೇರೆ ಸಿದ್ಧಾಂತಗಳಿಂದ ಅದನ್ನು ವಿವರಿಸಿ ಎನ್ನುವುದು. 18 ತುಂಬದವರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಬರೆಯುವ ಪರಿವೀಕ್ಷಣಾಧಿಕಾರಿಯ ಮುಂದೆಯೂ ಬೇರೆ ಮಾತಿನಲ್ಲಿ ಇದೇ ಪ್ರಶ್ನೆ ಇರುತ್ತದೆ. ಹೆಚ್ಚಿನ ಉತ್ತರಗಳು ಒಂದೇ ಜಾಗದಲ್ಲಿ ಎಡವುತ್ತವೆ. ಮರ್ಟನ್ ಪ್ರಕಾರ ಹೀಗೆ, ಸದರ್‌ಲ್ಯಾಂಡ್ ಪ್ರಕಾರ ಹಾಗೆ ಎಂದು ಸಾಲಾಗಿ ಬರೆದು, ಕೊನೆಗೆ ಎಲ್ಲರದ್ದೂ ಸರಿ ಎಂದು ಮುಗಿಸುತ್ತಾರೆ. ಆ ಉತ್ತರದಲ್ಲಿ ಹುಡುಗನ ಹೆಸರು ತೆಗೆದು ಇನ್ನೊಬ್ಬನದ್ದು ಹಾಕಿದರೂ ಒಂದಕ್ಷರ ಬದಲಾಗುವುದಿಲ್ಲ. ಯಾರಿಗೂ ಹೊಂದುವ ವಿವರಣೆ ಈ ಹುಡುಗನ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ.

ಸಿದ್ಧಾಂತಗಳು ಎಲ್ಲಿ ಒಂದಕ್ಕೊಂದು ವಿರುದ್ಧ ಮಾತಾಡುತ್ತವೆಯೋ ಅಲ್ಲಿಗೆ ಪ್ರಕರಣವನ್ನು ಒಯ್ದು ನಿಲ್ಲಿಸಬೇಕು. ಅದನ್ನು ಮಾಡುವ ಕ್ರಮ ಇಲ್ಲಿದೆ. ಉದಾಹರಣೆಗೆ ಅಭ್ಯಾಸಕ್ಕಾಗಿ ಕಟ್ಟಿದ ಒಂದು ಪ್ರಕರಣವನ್ನು ಬಳಸಲಾಗಿದೆ. ಅದರಲ್ಲಿನ ಹುಡುಗ, ಘಟನೆ ಎರಡೂ ಕಲ್ಪಿತ.

ಪ್ರಕರಣ

ಕಾರವಾರ ಬಂದರಿನ ಟ್ರಾಲ್ ಬೋಟೊಂದರಲ್ಲಿ ದುಡಿಯುವ ಹುಡುಗ. ವಯಸ್ಸು 17 ವರ್ಷ 2 ತಿಂಗಳು. ಒಂಬತ್ತನೇ ತರಗತಿಯವರೆಗೆ ಹಾಜರಿ ಚೆನ್ನಾಗಿತ್ತು, ಹತ್ತನೆಯದರ ಅರ್ಧಕ್ಕೆ ಶಾಲೆ ಬಿಟ್ಟ. ಬೋಟಿಗೆ ಹಚ್ಚಿದವನು ತಾಂಡೇಲನಾಗಿದ್ದ (ಬೋಟು ನಡೆಸುವ ಮುಖ್ಯಸ್ಥ) ಸೋದರಮಾವ. ಆ ಮಾವ ಕಳೆದ ಆಗಸ್ಟಿನ ನಂತರ ಎಂದೋ ಮಲ್ಪೆಯ ಬೋಟಿಗೆ ಹೋದ. ಅಪ್ಪ ಕುಡಿಯುತ್ತಾನೆ, ಅಮ್ಮನಿಗೆ ಹೊಡೆಯುತ್ತಾನೆ. ಅಮ್ಮ ಒಣಮೀನು ಮಾರುತ್ತಾಳೆ. ಜನವರಿಯಿಂದ ನಾಲ್ವರು ಹೊಸ ಸ್ನೇಹಿತರು, ಅವರಲ್ಲೊಬ್ಬನ ಮೇಲೆ ಹಲ್ಲೆ ಪ್ರಕರಣವಿದೆ. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆ ನಿಷೇಧ, ಕೈಯಲ್ಲಿ ಕಾಸಿಲ್ಲ. ಜೂನ್ ಮಧ್ಯದ ಶನಿವಾರ ಸಂಜೆ 6ಕ್ಕೆ, ವಾಲಿಬಾಲ್ ಆಟದ ಹೊತ್ತಿನಲ್ಲಿ, 1,500 ರೂಪಾಯಿ ಸಾಲದ ಮಾತಿಗೆ 20 ವರ್ಷದವನೊಬ್ಬ ಎಲ್ಲರೆದುರು ಇವನ ಕೆನ್ನೆಗೆ ಬಾರಿಸುತ್ತಾನೆ. 22 ಸೆಕೆಂಡಿನ ವಿಡಿಯೋ ವಾಟ್ಸಾಪಿನಲ್ಲಿ ಓಡಾಡುತ್ತದೆ. ಸೋಮವಾರ ಸಂಜೆ 5ಕ್ಕೆ ಗೂಡಂಗಡಿಯೊಂದರ ಮುಂದೆ ಇವನು ಅವನನ್ನು ಚೂರಿಯಿಂದ ಎರಡು ಸಲ ಇರಿಯುತ್ತಾನೆ. ತೋಳಿಗೊಂದು, ಪಕ್ಕೆಗೊಂದು. ಗಾಯಾಳು ಬದುಕುತ್ತಾನೆ. ಕೊಲೆಯತ್ನದ ಆರೋಪ ದಾಖಲಾಗುತ್ತದೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಒಡೆಯಿರಿ

‘ಯಾಕೆ ಇರಿದ?’ ಎಂಬುದರಲ್ಲಿ ನಾಲ್ಕು ಪ್ರಶ್ನೆಗಳು ಅವಿತಿವೆ. ಅದೇ ಕೇರಿಯ, ಅದೇ ಬೋಟಿನ ಬೇರೆ ಹುಡುಗರನ್ನು ಬಿಟ್ಟು ಇವನೇ ಯಾಕೆ? ಕಳೆದ ಜೂನಿನಲ್ಲಿ ಆಗದ್ದು ಈ ಜೂನಿನಲ್ಲಿ ಯಾಕೆ? ತಿರುಗಿ ಕೆನ್ನೆಗೆ ಹೊಡೆಯುವುದು, ಹಿರಿಯರಿಗೆ ಹೇಳುವುದು, ಊರು ಬಿಡುವುದು ಎಂಬ ದಾರಿಗಳಿದ್ದೂ ಚೂರಿಯೇ ಯಾಕೆ? ಆ ಅಂಗಡಿಯ ಮುಂದೆ, ಆ ಗಳಿಗೆಯಲ್ಲೇ ಯಾಕೆ? ನಾಲ್ಕನ್ನೂ ಬೇರೆ ಬೇರೆ ಹಾಳೆಯ ತಲೆಗೆ ಬರೆದುಕೊಳ್ಳಿ. ಸಿದ್ಧಾಂತಗಳ ನಡುವಿನ ಅರ್ಧ ಜಗಳ ಇಲ್ಲೇ ತೀರುತ್ತದೆ, ಏಕೆಂದರೆ ಹಲವು ಸಿದ್ಧಾಂತಗಳು ಎದುರಾಳಿಗಳಂತೆ ಕಂಡರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತಿರುತ್ತವೆ. ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಮಂಡಿಸಿದ ದಿನಚರಿ ಸಿದ್ಧಾಂತ ನಾಲ್ಕನೆಯ ಪ್ರಶ್ನೆಗೆ ಮಾತ್ರ ಬಾಯಿ ಬಿಡುತ್ತದೆ: ಮಾಡಲು ಹೊರಟವನು, ಕೈಗೆಟಕುವ ಗುರಿ, ತಡೆಯಬಲ್ಲವರ ಗೈರು ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಬೇಕು. ಹೊರಟವನು ಯಾಕೆ ಹೊರಟ ಎಂದು ಅದನ್ನು ಕೇಳಬೇಡಿ.

ಎರಡನೆಯದು: ಕಾಲಪಟ್ಟಿ

ಮೂರು ಅಂಕಣ ಸಾಕು. ಯಾವಾಗ, ಏನಾಯಿತು, ಯಾರು ಹೇಳಿದ್ದು. ಮೂರನೆಯ ಅಂಕಣದಲ್ಲಿ ಇನ್ನೊಂದು ಗುರುತು ಹಾಕಿ: ಆ ಮಾತು ಘಟನೆಗೆ ಮೊದಲು ದಾಖಲಾದದ್ದೋ, ಆಮೇಲೆ ಹೇಳಿದ್ದೋ? ಇರಿತದ ಮರುದಿನದಿಂದ ಇಡೀ ಊರಿಗೆ ಅವನು ಚಿಕ್ಕಂದಿನಿಂದಲೂ ಸಿಡುಕನಾಗಿದ್ದದ್ದು ನೆನಪಾಗುತ್ತದೆ. ಯಾರೂ ಬೇಕೆಂದು ಸುಳ್ಳು ಹೇಳುತ್ತಿರುವುದಿಲ್ಲ. ಫಲಿತಾಂಶ ಗೊತ್ತಾದ ಮೇಲೆ ನೆನಪು ತಾನೇ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಶಾಲೆಯ ಹಾಜರಿ ಪುಸ್ತಕ, ಅಂಕಪಟ್ಟಿ, ಆಸ್ಪತ್ರೆ ಚೀಟಿ, ಬೋಟಿನ ಪಾಲಿನ ಲೆಕ್ಕ, ಫೋನಿನ ಸಂದೇಶಗಳ ಸಮಯ ಇವಕ್ಕೆ ಹೆಚ್ಚು ತೂಕ ಕೊಡಿ. ಶಿಕ್ಷಕರ ‘ಅವ ಮೊದಲಿಂದ್ಲೂ ಹಾಂಗೇ’ ಎಂಬುದನ್ನು ಬರೆದುಕೊಳ್ಳಿ, ಆದರೆ ಅದರ ಮೇಲೆ ಗೋಡೆ ಕಟ್ಟಬೇಡಿ.

ಪಟ್ಟಿಯನ್ನು ನಾಲ್ಕು ಅಳತೆಯಲ್ಲಿ ಮಾಡಿ: ಬಾಲ್ಯ, ಕಳೆದ ಒಂದು ವರ್ಷ, ಕೊನೆಯ ವಾರ, ಕೊನೆಯ ಒಂದು ತಾಸು. ವಿದ್ಯಾರ್ಥಿಗಳು ಬಾಲ್ಯಕ್ಕೆ ಎರಡು ಪುಟ ಬರೆದು ಕೊನೆಯ ತಾಸಿಗೆ ಎರಡು ಸಾಲು ಬರೆಯುತ್ತಾರೆ. ಅದು ತಿರುವುಮುರುವಾಗಬೇಕು.

ನಿಜವಾದ ಪ್ರಕರಣವಾದರೆ ಗುರುತಿನ ವಿಚಾರದಲ್ಲಿ ಬಿಗಿಯಾಗಿರಿ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮು ಮಗುವಿನ ಹೆಸರು, ವಿಳಾಸ, ಶಾಲೆ ಹೀಗೆ ಗುರುತು ಹತ್ತಿಸುವ ಯಾವುದನ್ನೂ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮುರಿದವರಿಗೆ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಂಗಳೂರಿನಲ್ಲಿ ಹೆಸರು ತೆಗೆದರೆ ಸಾಕಾದೀತು. ಕಾರವಾರದಲ್ಲಿ ‘ಮಾವ ಮಲ್ಪೆಗೆ ಹೋದ ಹುಡುಗ’ ಎಂದರೆ ಬಂದರಿನಲ್ಲಿ ಹತ್ತು ಜನ ಹೆಸರು ಹೇಳುತ್ತಾರೆ. ಹಾಗಾಗಿ ಎರಡು ಮೂರು ವಿವರ ಬದಲಿಸಿ, ಆದರೆ ನಿಮ್ಮ ವಾದ ನಿಂತಿರುವ ವಿವರವನ್ನು ಬದಲಿಸಬೇಡಿ. ಮಾವನನ್ನು ಅಣ್ಣನಾಗಿಸಬಹುದು. ಅವನು ಊರು ಬಿಟ್ಟದ್ದನ್ನು ಅಳಿಸಿದರೆ ಪ್ರಕರಣವೇ ಬೇರೆಯಾಗುತ್ತದೆ.

ಮೂರನೆಯದು: ನಾಲ್ಕಕ್ಕಿಂತ ಹೆಚ್ಚು ಸಿದ್ಧಾಂತ ಬೇಡ

ಪ್ರತಿಯೊಂದನ್ನೂ ಸರಪಳಿಯಾಗಿ, ಕೊಂಡಿ ಕೊಂಡಿಯಾಗಿ ಬರೆಯಿರಿ. ಹೆಸರು ಮಾತ್ರ ಬರೆದರೆ ಪರೀಕ್ಷೆ ಮಾಡಲು ಏನೂ ಸಿಗುವುದಿಲ್ಲ.

ರಾಬರ್ಟ್ ಆಗ್ನ್ಯೂ 1992ರಲ್ಲಿ ವಿಸ್ತರಿಸಿದ ಒತ್ತಡ ಸಿದ್ಧಾಂತದ ಸರಪಳಿ ಹೀಗಿದೆ: ಬಯಸಿದ್ದು ಸಿಗದಿರುವುದು, ಇದ್ದ ಪ್ರಿಯವಾದದ್ದು ಕೈತಪ್ಪುವುದು, ನೋವಿನದ್ದು ಮೈಮೇಲೆ ಬರುವುದು, ಅದರಿಂದ ಸಿಟ್ಟು, ಸಿಟ್ಟು ಕಳೆಯಲು ಬೇರೆ ದಾರಿ ಇಲ್ಲದಿರುವುದು, ಅಪರಾಧ. ಅನ್ಯಾಯ ಎನಿಸುವ, ದೊಡ್ಡದೆನಿಸುವ, ತಡೆಯುವವರಿಲ್ಲದಾಗ ಬರುವ ಒತ್ತಡಗಳೇ ಹೆಚ್ಚು ಅಪಾಯಕಾರಿ ಎಂದು ಅವರು 2001ರಲ್ಲಿ ಸೇರಿಸಿದರು. ಇಲ್ಲಿ ‘ಒತ್ತಡ’ ಎಂಬ ಕನ್ನಡ ಪದವೇ ದಾರಿ ತಪ್ಪಿಸುತ್ತದೆ. ‘ಪರೀಕ್ಷೆಯ ಒತ್ತಡ’ ಎನ್ನುವಾಗಿನ ಮನಸ್ಸಿನ ಭಾರ ಇದಲ್ಲ. ಹೊರಗೆ ನಡೆದ ಘಟನೆ ಅಥವಾ ಸಂಬಂಧ ಇದು. 1938ರಲ್ಲಿ ಮರ್ಟನ್ ಹೇಳಿದ್ದು ಮತ್ತೂ ಬೇರೆ: ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸಿ ದಾರಿಯನ್ನು ಕೆಲವರಿಗೆ ಮಾತ್ರ ಕೊಡುತ್ತದೆ. ದುಡ್ಡಿಗಾಗಿ ಮಾಡಿದ ಅಪರಾಧಕ್ಕೆ ಅದು ಒಪ್ಪುತ್ತದೆ. ಮಾನ ಹೋಯಿತೆಂದು ಮಾಡಿದ ಇರಿತಕ್ಕೆ ಎಳೆದು ತಂದು ಕೂಡಿಸಬೇಕಾಗುತ್ತದೆ. ಈ ಪ್ರಕರಣದಲ್ಲಿ ಬಿಟ್ಟುಬಿಡಿ.

ಕಲಿಕೆಯ ಸಿದ್ಧಾಂತ ಸದರ್‌ಲ್ಯಾಂಡರದ್ದು. ಅಂತಿಮ ರೂಪ ಪಡೆದದ್ದು 1947ರಲ್ಲಿ. ಆಮೇಲೆ ಏಕರ್ಸ್ ಅದನ್ನು ಬೆಳೆಸಿದರು. ಹತ್ತಿರದವರಿಂದ ಹಿಂಸೆಯ ವಿಧಾನ ಮಾತ್ರವಲ್ಲ, ಹಿಂಸೆ ಸರಿ ಎನ್ನುವ ಮಾತುಗಳನ್ನೂ ಕಲಿಯುವುದು, ಮಾಡಿದವನಿಗೆ ಮೆಚ್ಚುಗೆ ಸಿಕ್ಕಿದ್ದನ್ನು ಕಾಣುವುದು, ತಾನೂ ಮಾಡುವುದು ಇದರ ಕೊಂಡಿಗಳು. ಸಹವಾಸವನ್ನು ಅಳೆಯಲು ಸದರ್‌ಲ್ಯಾಂಡ್ ಕೊಟ್ಟ ನಾಲ್ಕು ಅಳತೆಗಳನ್ನು ಬಳಸಿ: ಎಷ್ಟು ಸಲ, ಎಷ್ಟು ಕಾಲ, ಎಷ್ಟು ಚಿಕ್ಕ ವಯಸ್ಸಿನಿಂದ, ಎಷ್ಟು ಗಾಢವಾಗಿ.

ಟ್ರಾವಿಸ್ ಹಿರ್ಶಿ 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಜನ ಅಪರಾಧ ಯಾಕೆ ಮಾಡುವುದಿಲ್ಲ? ಕಟ್ಟಿಹಾಕುವ ನಾಲ್ಕು ಹಗ್ಗಗಳಿವೆ. ಹತ್ತಿರದವರ ಮೇಲಿನ ಪ್ರೀತಿ, ಕಳೆದುಕೊಳ್ಳಲು ಏನಾದರೂ ಇರುವುದು, ದಿನ ತುಂಬುವ ಕೆಲಸ, ನಿಯಮದ ಮೇಲಿನ ನಂಬಿಕೆ. ಅದೇ ಹಿರ್ಶಿ 1990ರಲ್ಲಿ ಗಾಟ್‌ಫ್ರೆಡ್ಸನ್ ಜೊತೆ ಸೇರಿ ಬೇರೆ ಮಾತು ಹೇಳಿದರು: ಮೂಲ ಇರುವುದು ಚಿಕ್ಕಂದಿನಲ್ಲೇ ಬಲಿಯದೆ ಉಳಿದ ಆತ್ಮಸಂಯಮದಲ್ಲಿ. ಈ ಎರಡನ್ನೂ ‘ನಿಯಂತ್ರಣ ಸಿದ್ಧಾಂತ’ ಎಂದು ಒಂದೇ ಚೀಲಕ್ಕೆ ತುಂಬುವುದು ಸಾಮಾನ್ಯ ತಪ್ಪು. ಮೊದಲನೆಯದರಲ್ಲಿ ಹಗ್ಗ ಈ ವರ್ಷ ಬಿಗಿದು ಮುಂದಿನ ವರ್ಷ ಸಡಿಲವಾಗಬಹುದು. ಎರಡನೆಯದರಲ್ಲಿ ಗುಣ ಹತ್ತು ವರ್ಷದೊಳಗೆ ಗಟ್ಟಿಯಾಗಿಬಿಟ್ಟಿರುತ್ತದೆ.

ಊರು ಹಚ್ಚಿದ ಪಟ್ಟಿಯೇ ಮುಂದಿನ ತಪ್ಪಿಗೆ ತಳ್ಳುತ್ತದೆ ಎನ್ನುವ ಹಣೆಪಟ್ಟಿ ಸಿದ್ಧಾಂತವನ್ನು ಸೇರಿಸುವ ಮೊದಲು ಕಾಲಪಟ್ಟಿ ನೋಡಿ. ‘ಇವ ಪುಂಡ’ ಎಂಬ ಪಟ್ಟಿ ಇರಿತಕ್ಕೆ ಮೊದಲೇ ಬಿದ್ದಿತ್ತೇ? ಇಲ್ಲವೆಂದರೆ ಲೆಮರ್ಟ್ 1951ರಲ್ಲಿ ಮಾಡಿದ ಭೇದದಂತೆ ಇದು ಮೊದಲ ತಪ್ಪು, ಹಣೆಪಟ್ಟಿ ವಿವರಿಸುವುದು ಎರಡನೆಯ ತಪ್ಪನ್ನು. ಆಮೇಲೆ ಬಂದದ್ದು ಮೊದಲಿನದಕ್ಕೆ ಕಾರಣವಾಗದು.

ನಾಲ್ಕನೆಯದು: ಏನು ಸಿಗಬೇಕು, ಏನು ಸಿಗಬಾರದು

ಕೆಲಸದ ತಿರುಳು ಇದು, ಸಮಯ ಇಲ್ಲಿ ಹಾಕಿ. ಪ್ರತಿ ಸಿದ್ಧಾಂತಕ್ಕೆ ಎರಡು ಸಾಲು ಬರೆಯಿರಿ: ಇದು ನಿಜವಾದರೆ ಏನು ಸಿಗಲೇಬೇಕು? ಏನು ಸಿಕ್ಕರೆ ಇದನ್ನು ಕೈಬಿಡುತ್ತೇನೆ? ಎರಡನೆಯ ಸಾಲು ಬರೆಯಲು ಬಾರದಿದ್ದರೆ ಸಿದ್ಧಾಂತ ನಿಮಗಿನ್ನೂ ಅರ್ಥವಾಗಿಲ್ಲ.

ಶನಿವಾರ 6ರಿಂದ ಸೋಮವಾರ 5ರವರೆಗಿನ 47 ತಾಸುಗಳನ್ನೇ ತೆಗೆದುಕೊಳ್ಳಿ. ಸಂಯಮವಿಲ್ಲದವನಾಗಿದ್ದರೆ ಅಲ್ಲೇ, ಆ ಕ್ಷಣವೇ ತಿರುಗಿ ಬೀಳಬೇಕಿತ್ತು. ಇವನು ಬೀಳಲಿಲ್ಲ. ಒಂಬತ್ತನೇ ತರಗತಿಯವರೆಗೆ ಹಾಜರಿ ಚೆನ್ನಾಗಿತ್ತು. ಕಳ್ಳತನ, ಹೊಡೆದಾಟ, ಬೈಕ್ ಹುಚ್ಚು ಎಂದು ಬಗೆಬಗೆಯ ತಂಟೆಗಳ ದಾಖಲೆ ಇಲ್ಲ. ಕಡಿಮೆ ಸಂಯಮದ ವಾದಕ್ಕೆ ಮೂರೂ ಎದುರು. ಒತ್ತಡದ ವಾದಕ್ಕೆ 47 ತಾಸು ಅಡ್ಡಿಯಲ್ಲ, ಆದರೆ ಆ ಅವಧಿಯಲ್ಲಿ ಬೇರೆ ದಾರಿ ಹುಡುಕಿ ಸೋತ ಗುರುತು ಬೇಕು. ವಿಡಿಯೋ ತೆಗೆಸಲು ಯಾರನ್ನಾದರೂ ಕೇಳಿದನೇ? ಮಾವನಿಗೆ ಫೋನ್ ಮಾಡಿದನೇ, ಅವನು ಎತ್ತಿದನೇ? ಕಲಿಕೆಯ ವಾದಕ್ಕೆ ಆ ಅವಧಿಯಲ್ಲಿ ಸ್ನೇಹಿತರ ಮಾತು ಬೇಕು. ‘ಸುಮ್ನಿದ್ರೆ ನೀ ಗಂಡ್ಸೇ ಅಲ್ಲ’ ಎಂಬ ಧ್ವನಿ ಸಂದೇಶ ಭಾನುವಾರ ರಾತ್ರಿ ಬಂದಿದ್ದರೆ ವಾದ ಬಲವಾಗುತ್ತದೆ. ‘ಬಿಡಾ ಮಾರಾಯ’ ಎಂದು ಅವರು ತಡೆದಿದ್ದರೆ ವಾದ ಕುಸಿಯುತ್ತದೆ.

ಈಗ ಚೂರಿಗೆ ಬನ್ನಿ. 47 ತಾಸುಗಳ ಅರ್ಥವನ್ನೇ ಅದು ತಿರುಗಿಸಬಲ್ಲದು. ಭಾನುವಾರವೇ ಮಸೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಅದು ಕಾಯ್ದು ಮಾಡಿದ್ದು. ಅವನು ಅಂಗಡಿಗೆ ಬೀಡಿ ತರಲು ಬಂದು, ಎದುರಾಳಿ ಅಕಸ್ಮಾತ್ ಕಂಡು, ಒಂದು ನಗು ಹೊಮ್ಮಿ, ಕೈ ಸೊಂಟಕ್ಕೆ ಹೋಗಿದ್ದರೆ 47 ತಾಸು ಕಾಯ್ದ ಹಾಗಲ್ಲ, ಎರಡು ದಿನ ಭೇಟಿಯಾಗಿರಲಿಲ್ಲ ಅಷ್ಟೇ. ಆಗ ಕೈಬಿಟ್ಟಿದ್ದ ಸಂಯಮದ ವಾದ ಮತ್ತೆ ಬಾಗಿಲಿಗೆ ಬರುತ್ತದೆ, ದಿನಚರಿ ಸಿದ್ಧಾಂತಕ್ಕೂ ಬಲ ಬರುತ್ತದೆ. ಕರಾವಳಿಯಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ನಿಷೇಧದ ತಿಂಗಳುಗಳಲ್ಲಿ ಬೋಟು ದುರಸ್ತಿ, ಬಲೆ ನೇಯುವ, ಹರಿದದ್ದು ಹೊಲಿಯುವ ಕೆಲಸ ದಡದಲ್ಲಿ ನಡೆಯುತ್ತದೆ. ಬಲೆಗೆ ಕೂತವನ ಬಳಿ ಚೂರಿ ಇರುವುದು ಬಡಗಿಯ ಬಳಿ ಉಳಿ ಇದ್ದ ಹಾಗೆ. ಚೂರಿ ಇಟ್ಟುಕೊಂಡಿದ್ದ ಎಂಬುದರಿಂದ ಉದ್ದೇಶವಿತ್ತು ಎಂದು ಹಾರಬೇಡಿ. ಕೇಳಬೇಕಾದ್ದು: ಅದು ಬಲೆ ಕೆಲಸದ ಚೂರಿಯೇ? ಆ ಸೋಮವಾರ ಬಲೆ ಕೆಲಸವಿತ್ತೇ? ಹಿಂದಿನ ಸೋಮವಾರಗಳಲ್ಲೂ ಸಂಜೆ ಅದನ್ನು ಮನೆಯಲ್ಲಿಡದೆ ತಿರುಗುತ್ತಿದ್ದನೇ? ಒಂದೇ ವಸ್ತು, ಮೂರು ಪ್ರಶ್ನೆ, ನಾಲ್ಕು ಸಿದ್ಧಾಂತಗಳ ತೂಕ ಅದರ ಮೇಲಿದೆ.

ಸಿದ್ಧಾಂತಗಳು ಬೇರೆಯಾಗುವ ಎರಡನೆಯ ಕವಲು ಸ್ನೇಹಿತರದ್ದು. ಕಲಿಕೆಯ ಸಿದ್ಧಾಂತದಲ್ಲಿ ಸ್ನೇಹ ಮೊದಲು, ಹಿಂಸೆ ಆಮೇಲೆ. ನಿಯಂತ್ರಣದ ಕಡೆಯವರ ಪ್ರಕಾರ ಹಗ್ಗ ಕಡಿದವರು ತಮ್ಮಂಥವರನ್ನು ಹುಡುಕಿಕೊಳ್ಳುತ್ತಾರೆ, ಸ್ನೇಹ ಬರೀ ಗುರುತು. ತಿಂಗಳುಗಳನ್ನು ಜೋಡಿಸಿ ನೋಡಿ: ಶಾಲೆ ಬಿಟ್ಟದ್ದು ಒಂದೂವರೆ ವರ್ಷದ ಹಿಂದೆ, ಹೊಸ ಗುಂಪು ಈ ಜನವರಿಯಲ್ಲಿ. ಮಾವ ಹೋದದ್ದು ಜನವರಿಗೆ ಮೊದಲೋ ಆಮೇಲೋ? ಈ ಒಂದು ದಿನಾಂಕ ಸಿಗದೆ ತೀರ್ಮಾನ ಬರೆಯಬೇಡಿ.

ಐದನೆಯದು: ಒಂದೇ ಸಂಗತಿಯನ್ನು ಮೂವರಿಗೆ ಹಂಚಬೇಡಿ

ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಒತ್ತಡದವರಿಗೆ ಅದು ನಿಂತ ಆದಾಯ. ಹಿರ್ಶಿಯವರಿಗೆ ಖಾಲಿ ದಿನ. ದಿನಚರಿಯವರಿಗೆ ತಾಂಡೇಲರಿಲ್ಲದ, ಹುಡುಗರು ತುಂಬಿದ ದಡ. ಮೂರೂ ಕಡೆ ‘ನಿಷೇಧ’ ಎಂದು ಬರೆದು ಮೂರೂ ಸಾಬೀತಾದವು ಎನ್ನುವುದು ಒಂದೇ ನೋಟನ್ನು ಮೂರು ಸಲ ಎಣಿಸಿದ ಹಾಗೆ.

ಬಿಡಿಸಲು ಇರುವ ಉಪಾಯ ಹೋಲಿಕೆ. ಮೊದಲು ಹುಡುಗನನ್ನು ಅವನಿಗೇ ಹೋಲಿಸಿ. ಕಳೆದ ವರ್ಷವೂ ನಿಷೇಧವಿತ್ತು, ಅದೇ 61 ದಿನ, ಅದೇ ಖಾಲಿ ಕೈ, ಅದೇ ಅಪ್ಪ. ಏನೂ ಆಗಲಿಲ್ಲ. ಬದಲಾದದ್ದು ಮೂರು: ಮಾವ ಇಲ್ಲ, ಹೊಸ ಗುಂಪು ಇದೆ, ಕೆನ್ನೆಗೆ ಬಿದ್ದ ಏಟು ವಿಡಿಯೋ ಆಗಿದೆ. ಆದಾಯದ ವಾದ ಇಲ್ಲಿ ಹಿಂದೆ ಸರಿಯಬೇಕು. ಆಮೇಲೆ ಪಕ್ಕದವರಿಗೆ ಹೋಲಿಸಿ: ಅದೇ ಬೋಟಿನ, ಅದೇ ವಯಸ್ಸಿನ, ಶಾಲೆ ಬಿಟ್ಟ ಇಬ್ಬರನ್ನಾದರೂ ಹುಡುಕಿ, ಅವರಲ್ಲಿ ಇಲ್ಲದ್ದು ಇವನಲ್ಲಿ ಏನಿತ್ತು ಎಂದು ಬರೆಯಿರಿ. ಹೋಲಿಕೆಯಿಲ್ಲದ ಪ್ರಕರಣ ಅಧ್ಯಯನದಲ್ಲಿ ಯಾವ ಕಾರಣವೂ ಬೀಳುವುದಿಲ್ಲ, ಹಾಗಾಗಿ ಯಾವುದೂ ನಿಲ್ಲುವುದೂ ಇಲ್ಲ.

ಮನೆಯ ಹೊಡೆತದ ವಿಷಯಕ್ಕೂ ಇದೇ ಎಚ್ಚರ. ಅಮೆರಿಕದ ಕ್ಯಾಥಿ ವಿಡಮ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಕಂಡವರು ಬಂಧನಕ್ಕೊಳಗಾಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಅವರಲ್ಲಿ ಬಹುಪಾಲು ಜನ ಆ ದಾರಿ ಹಿಡಿಯಲಿಲ್ಲ. ‘ಅಪ್ಪ ಹೊಡೆಯುತ್ತಿದ್ದ, ಆದ್ದರಿಂದ ಮಗ ಇರಿದ’ ಎಂಬ ವಾಕ್ಯದಲ್ಲಿ ‘ಆದ್ದರಿಂದ’ ಎಂಬ ಪದವನ್ನು ಹೊಡೆದುಹಾಕಿ. ‘ಸಾಧ್ಯತೆ ಹೆಚ್ಚಿಸಿರಬಹುದು’ ಎನ್ನುವಷ್ಟು ಮಾತ್ರ ನಮ್ಮ ಕೈಯಲ್ಲಿದೆ.

ಇದಕ್ಕಿಂತ ಕೆಟ್ಟ ತಪ್ಪು ಕೇರಿಯನ್ನು ಹಿಡಿದು ಹುಡುಗನನ್ನು ಅಳೆಯುವುದು. ಶಾ ಮತ್ತು ಮೆಕ್‌ಕೇ 1942ರಲ್ಲಿ ಷಿಕಾಗೋ ನಗರದ ವಲಯಗಳ ದರಗಳ ಬಗ್ಗೆ ಬರೆದರು. ಪ್ರದೇಶದ ದರದಿಂದ ಒಬ್ಬ ವ್ಯಕ್ತಿಯ ಕಾರಣ ಹೊರಡುವುದಿಲ್ಲ. ‘ಸೀಬರ್ಡ್ (ಕಾರವಾರದ ನೌಕಾನೆಲೆ) ನಿರಾಶ್ರಿತರ ಕಾಲೊನಿಯವನು, ಹಾಗಾಗಿ’, ‘ಮೀನುಗಾರ ಕೇರಿಯವನು, ಹಾಗಾಗಿ’ ಎಂದು ಬರೆದ ಕ್ಷಣ ಸಿದ್ಧಾಂತ ಮುಗಿದು ಪೂರ್ವಗ್ರಹ ಶುರುವಾಗುತ್ತದೆ. ನೆಲೆ ಕಳೆದುಕೊಂಡದ್ದು ಆ ಮನೆಯಲ್ಲಿ ಏನು ಮಾಡಿತು ಎಂದು ತೋರಿಸಬಲ್ಲಿರಾದರೆ ಬರೆಯಿರಿ, ಇಲ್ಲವಾದರೆ ಬಿಡಿ. ಜಾತಿಯ ಹೆಸರಿಗೆ ವಿವರಣೆಯಲ್ಲಿ ಜಾಗವೇ ಇಲ್ಲ.

ಶಿರಸಿಯ ಪ್ರಕರಣ ಬಂದರೆ ಹೋಲಿಕೆಯ ಕಾಲ ಬದಲಾಗುತ್ತದೆ. ಅಲ್ಲಿ ದುಡಿಮೆಯ ಏರಿಳಿತ ಅಡಿಕೆ ಕೊಯ್ಲಿನ ಜೊತೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಯಾರು ಎಲ್ಲಿದ್ದಾರೆ ಎಂಬ ದಿನಚರಿಯೇ ತಲೆಕೆಳಗಾಗಿರುತ್ತದೆ.

ಆರನೆಯದು: ಹುಡುಗನ ಮಾತನ್ನು ಓದುವ ರೀತಿ

ಸೈಕ್ಸ್ ಮತ್ತು ಮಾಟ್ಝಾ 1957ರಲ್ಲಿ ಹೇಳಿದ ಐದು ಸಮರ್ಥನೆಗಳು ಇವನ ಹೇಳಿಕೆಯಲ್ಲಿ ಖಂಡಿತ ಸಿಗುತ್ತವೆ. ನನ್ನ ಕೈಯಲ್ಲಿರಲಿಲ್ಲ, ಅಂಥ ಗಾಯವೇನಲ್ಲ, ಅವನಿಗೆ ಆಗಬೇಕಾದ್ದೇ ಆಯಿತು, ಪೊಲೀಸರೇನು ಸಾಚಾರೇ, ಸ್ನೇಹಿತರಿಗಾಗಿ ಮಾಡಿದೆ. ಸಿಕ್ಕವು ಎಂದು ಹಿಗ್ಗಬೇಡಿ. ಈ ಸಿದ್ಧಾಂತದ ಪ್ರಕಾರ ಸಮರ್ಥನೆ ಕೃತ್ಯಕ್ಕೆ ಮೊದಲೇ ಬಂದು ಮನಸ್ಸಿನ ತಡೆಯನ್ನು ಸಡಿಲಿಸಿರಬೇಕು. ಘಟನೆಯ ಹತ್ತು ದಿನದ ನಂತರ, ಭಯದಲ್ಲಿ ಕೂತು ಹೇಳಿದ್ದು ಅದಕ್ಕೆ ಪುರಾವೆಯಾಗದು. ಭಾನುವಾರದ ಸಂದೇಶದಲ್ಲಿದ್ದರೆ ಆಗುತ್ತದೆ.

ಕಾನೂನಿನ ಕಡೆ ತಪ್ಪಬಾರದ್ದು

ಕೊಲೆಯತ್ನವೆಂದರೆ ಘೋರ ಅಪರಾಧ, 16 ದಾಟಿದವನನ್ನು ವಯಸ್ಕನಂತೆ ವಿಚಾರಿಸಬಹುದು ಎಂದು ಹಲವರು ಬರೆಯುತ್ತಾರೆ. ಬಾಲನ್ಯಾಯ ಕಾಯ್ದೆಯಲ್ಲಿ ಘೋರ ಅಪರಾಧ ಎಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥದ್ದು. ಭಾರತೀಯ ನ್ಯಾಯ ಸಂಹಿತೆಯ 109(1)ನೇ ಕಲಮಿನ ಕೊಲೆಯತ್ನಕ್ಕೆ ಕನಿಷ್ಠ ಶಿಕ್ಷೆ ನಿಗದಿಯಾಗಿಲ್ಲ. ಸುಪ್ರೀಂ ಕೋರ್ಟಿನ 2020ರ ಶಿಲ್ಪಾ ಮಿತ್ತಲ್ ತೀರ್ಪು ಮತ್ತು 2021ರ ತಿದ್ದುಪಡಿಯ ನಂತರ ಇಂಥವು ‘ಗಂಭೀರ’ ವರ್ಗಕ್ಕೆ ಸೇರುತ್ತವೆ. ವಯಸ್ಕನಂತೆ ವಿಚಾರಿಸಬೇಕೇ ಎಂದು ನೋಡುವ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ ಇದಕ್ಕೆ ಬರುವುದಿಲ್ಲ. ಗಾಯಾಳು ತೀರಿಕೊಂಡು ಕೊಲೆ ಆರೋಪವಾದರೆ ಲೆಕ್ಕ ಬೇರೆ.

ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ, ಮಗುವನ್ನು ಮಂಡಳಿಯೆದುರು ಮೊದಲು ಹಾಜರುಪಡಿಸಿದ 15 ದಿನದೊಳಗೆ ಸಲ್ಲಬೇಕು. ಅಷ್ಟರಲ್ಲಿ ತಪ್ಪು ಸಾಬೀತಾಗಿರುವುದಿಲ್ಲ. ‘ಇರಿದನು’ ಎಂದು ಬರೆಯುವ ಬದಲು ‘ಇರಿದನೆಂಬ ಆರೋಪವಿದೆ’ ಎಂದೇ ಬರೆಯಿರಿ. ಕಾರಣ ವಿವರಿಸುವ ಭರದಲ್ಲಿ ಅಪರಾಧವನ್ನು ನೀವೇ ತೀರ್ಮಾನಿಸಿಬಿಡುವುದು ಮಗುವಿಗೆ ಮಾಡುವ ದೊಡ್ಡ ಅನ್ಯಾಯ.

ಬರೆಯುವಾಗ

ಎರಡು ಸಾವಿರ ಪದಗಳ ಉತ್ತರವಾದರೆ ಸಿದ್ಧಾಂತಗಳ ಪರಿಚಯ 400 ದಾಟದಿರಲಿ. ಕವಲುಗಳ ಪರೀಕ್ಷೆಗೆ 900 ಇಡಿ. ಪ್ರತಿ ಪರೀಕ್ಷೆಯ ಕೊನೆಗೆ ಯಾವ ವಾದ ಬಿತ್ತು, ಯಾವುದು ಉಳಿಯಿತು, ಯಾವ ಮಾಹಿತಿ ಇಲ್ಲದೆ ನಿಂತಿತು ಎಂದು ಬಿಡಿಸಿ ಹೇಳಿ. ಉಳಿದವನ್ನು ಕೂಡಿಸುವಾಗ ಕಾಲಕ್ರಮದಲ್ಲಿ ಕೂಡಿಸಿ. ನಮ್ಮ ಪ್ರಕರಣದಲ್ಲಿ, ಧ್ವನಿ ಸಂದೇಶ ಸಿಕ್ಕಿ, ಚೂರಿ ಬಲೆ ಕೆಲಸದ್ದೆಂದು ಗೊತ್ತಾಗಿ, ಮಾವ ಹೋದದ್ದು ಜನವರಿಗೆ ಮೊದಲೆಂದು ತಿಳಿದರೆ ಹೀಗೆ ಬರೆಯಬಹುದು: ಮಾವ ಹೋದಾಗ ಮುಖ್ಯ ಹಗ್ಗ ಕಡಿಯಿತು, ಆ ಖಾಲಿ ಜಾಗಕ್ಕೆ ಹೊಸ ಗುಂಪು ಬಂತು, ಏಟು ಮತ್ತು ವಿಡಿಯೋ ಸಿಟ್ಟು ಹುಟ್ಟಿಸಿದವು, ಸಿಟ್ಟಿಗೆ ಚೂರಿಯ ರೂಪ ಕೊಟ್ಟದ್ದು ಗುಂಪಿನ ಮಾತು, ಗೂಡಂಗಡಿಯ ಭೇಟಿ ಗಳಿಗೆಯನ್ನು ಆರಿಸಿತು. ಚಿಕ್ಕಂದಿನ ಸಂಯಮದ ಕೊರತೆಗೆ ಆಧಾರ ಸಿಗಲಿಲ್ಲ. ಬಡತನ ಹಿನ್ನೆಲೆ, ಈ ವರ್ಷದ ವ್ಯತ್ಯಾಸವನ್ನು ಅದು ವಿವರಿಸುವುದಿಲ್ಲ.

ಕೊನೆಯ ಪರೀಕ್ಷೆ ಶಿಫಾರಸಿನಲ್ಲಿದೆ. ಕಾಯ್ದೆಯ 18ನೇ ಕಲಮಿನಡಿ ಮಂಡಳಿ ಆಪ್ತಸಮಾಲೋಚನೆ, ಸಮುದಾಯ ಸೇವೆ, ಪೋಷಕರ ಅಥವಾ ಯೋಗ್ಯ ವ್ಯಕ್ತಿಯ ಹೊಣೆಯಲ್ಲಿ ಗರಿಷ್ಠ 3 ವರ್ಷದ ಸನ್ನಡತೆಯ ಬಿಡುಗಡೆ ಮುಂತಾದ ಆದೇಶ ಮಾಡಬಹುದು. ಮೇಲಿನ ವಿವರಣೆಯ ನಂತರ ‘ಆಪ್ತಸಮಾಲೋಚನೆ ಕೊಡಬೇಕು’ ಎಂದಷ್ಟೇ ಬರೆದರೆ ಇಷ್ಟೆಲ್ಲ ಮಾಡಿದ್ದು ಅಲಂಕಾರವಾಯಿತು. ಕಡಿದ ಹಗ್ಗ ಮಾವನದ್ದಾದರೆ ಹೊಣೆ ಹೊರುವ ವ್ಯಕ್ತಿಯಾಗಿ ಅವನು ಬರಬಲ್ಲನೇ ಎಂದು ಕೇಳಿ ಬರೆಯಿರಿ. ಮಲ್ಪೆಯ ಬೋಟಿಗೆ ಹುಡುಗನನ್ನೂ ಒಯ್ಯುವುದಾದರೆ ಗುಂಪಿನಿಂದ ದೂರವೂ ಆಗುತ್ತದೆ, ಮೇಲ್ವಿಚಾರಣೆಗೆ ಜಿಲ್ಲೆ ಬದಲಾಗುವ ತೊಡಕೂ ಬರುತ್ತದೆ, ಎರಡನ್ನೂ ನಮೂದಿಸಿ. ವಿಡಿಯೋ ಇನ್ನೂ ಓಡಾಡುತ್ತಿದ್ದರೆ ಅದನ್ನು ತೆಗೆಸುವ ಕ್ರಮ ಬೇಕು. ಇಲ್ಲದಿದ್ದರೆ ಅವಮಾನ ಪ್ರತಿ ವಾರ ಹೊಸದಾಗುತ್ತದೆ, ಗಾಯಾಳುವಿನ ಕಡೆಯ ಹುಡುಗರಿಗೂ ಅದೇ ನೆಪವಾದೀತು. ಪರಿಶೀಲನೆಯ ದಿನಾಂಕವನ್ನು ಆರು ತಿಂಗಳಿಗೊಮ್ಮೆ ಎಂದು ಯಾಂತ್ರಿಕವಾಗಿ ಹಾಕಬೇಡಿ. ಬೋಟುಗಳು ದಡಕ್ಕೆ ಬರುವ ಮೊದಲು, ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ಭೇಟಿ ಇಡಿ. ಜೂನ್, ಜುಲೈಯ 61 ದಿನ ಅವನು ಬೆಳಿಗ್ಗೆ ಎಲ್ಲಿಗೆ ಹೋಗುತ್ತಾನೆ, ಸಂಜೆ ಯಾರ ಜೊತೆ ಇರುತ್ತಾನೆ, ಬಲೆ ಕೆಲಸ ಮುಗಿದ ಮೇಲೆ ಚೂರಿ ಎಲ್ಲಿಡುತ್ತಾನೆ ಎಂದು ಅವನನ್ನೇ ಕೂರಿಸಿಕೊಂಡು ಬರೆದುಕೊಳ್ಳಿ.